ಜಡೆಯಣ್ಣನ ಎಡಗೈ ಶಿಷ್ಯೆ

ಎಲ್ಲ ರಗಳೆಗೂ ಮೂಲ, ಅಪ್ಪ ತನ್ನ ಕ್ಷೌರದಂಗಡಿಯ ಟಿವಿಯನ್ನು ಬಾಗಿಲಿನ ನೆತ್ತಿಯ ಮೇಲೆ ಹಾಕಿಸಿದ್ದು. ಕುರ್ಚಿಯಲ್ಲಿ ಕೂತ ಗಿರಾಕಿಯ ಬೆನ್ನಿಗೆ ಟಿವಿ, ಮುಖಕ್ಕೆ ಕನ್ನಡಿ. ಟಿವಿ ನೋಡಬೇಕೆಂದರೆ ಕನ್ನಡಿಯಲ್ಲೇ ನೋಡಬೇಕು. ಹಿಂದೆ ಅದು ಪಕ್ಕದ ಗೋಡೆಯ ಮೇಲಿತ್ತು. ಆಗ ಒಬ್ಬ ಗಿರಾಕಿ ಗೋಲು ನೋಡಲು ಗಕ್ಕನೆ ಕತ್ತು ತಿರುಗಿಸಿ ಒಂದು ಹುಬ್ಬನ್ನು ಕಳೆದುಕೊಂಡಿದ್ದ. ಅಂದಿನಿಂದ ಅಂಗಡಿಗೆ ಒಂದೇ ಕಾನೂನು: ಕನ್ನಡಿಯಲ್ಲಿ ಏನು ಬೇಕಾದರೂ ನೋಡಿ, ಕತ್ತು ಮಾತ್ರ ತಿರುಗಿಸಬೇಡಿ.

ಅಪ್ಪನ ಮಗಳಿಗೆ ಬೀದಿಯ ಜನ ಟಿಣಿ ಎಂದು ಹೆಸರಿಟ್ಟಿದ್ದರು. ಅವಳ ನಿಜವಾದ ಹೆಸರು ಈಗ ಶಾಲೆಯ ಹಾಜರಿಯಲ್ಲಿ ಮಾತ್ರ ಉಳಿದಿತ್ತು. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಬರುವಾಗ ಕತ್ತಲಾಗುತ್ತದೆ. ಆದ್ದರಿಂದ ಶಾಲೆ ಬಿಟ್ಟ ಮೇಲೆ ಟಿಣಿ ಅಂಗಡಿಯ ಬೆಂಚಿನ ಮೇಲೆ ಕೂತು ಓದಬೇಕು. ಬೆಂಚು ಇದ್ದದ್ದು ಸರಿಯಾಗಿ ಟಿವಿಯ ಅಡಿಯಲ್ಲಿ. ಅಲ್ಲಿಂದ ನೇರ ಟಿವಿ ನೋಡಬೇಕೆಂದರೆ ಕತ್ತನ್ನು ಬಿಚ್ಚಿ ಕೈಯಲ್ಲಿ ಹಿಡಿಯಬೇಕು. ಅವಳೂ ಎಲ್ಲರ ಹಾಗೆ ಕನ್ನಡಿಗೇ ಮೊರೆಹೋದಳು.

ಗಿರಾಕಿಗಳು ಚಾನೆಲ್ಲಿಗಾಗಿ ಜಗಳವಾಡುತ್ತಾರೆಂದು ಅಪ್ಪ ಟಿವಿಗೆ ಒಂದು ಪೆನ್ ಡ್ರೈವ್ ಸಿಕ್ಕಿಸಿ ಬಿಟ್ಟಿದ್ದ. ಅದರಲ್ಲಿದ್ದದ್ದು ಒಂದೇ ಗಿಟಾರ್ ಕಛೇರಿ. ಸೊಂಟದವರೆಗೆ ಜಡೆ ಬಿಟ್ಟ ಒಬ್ಬ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಅದೇ ಹಾಡುಗಳನ್ನು ನುಡಿಸುತ್ತಲೇ ಇರುತ್ತಿದ್ದ. ಬೀದಿಯವರಿಗೆ ಅವನು ಜಡೆಯಣ್ಣ. ಗಿರಾಕಿಗಳಿಗೆ ಅವನು ಫ್ಯಾನಿನ ಸದ್ದಿನ ಹಾಗೆ ಅಭ್ಯಾಸವಾಗಿಬಿಟ್ಟಿದ್ದ. ಟಿಣಿಯೂ ಅವನನ್ನು ಗಮನಿಸಿರಲಿಲ್ಲ. ಒಂದು ಸಂಜೆ ಭೂಗೋಳದ ಪುಸ್ತಕದಿಂದ ಸುಮ್ಮನೆ ಕಣ್ಣೆತ್ತಿದಳು. ಅವನ ಬೆರಳುಗಳು ತಂತಿಯ ಮೇಲೆ ಮೆಟ್ಟಿಲಿಳಿಯುವ ಮಕ್ಕಳ ಹಾಗೆ ದಡದಡ ಇಳಿದು ಬಂದವು. ಕೊನೆಯ ಮೆಟ್ಟಿಲು ಮುಟ್ಟಿದಾಗ ಅವನು ಕಣ್ಣು ಮುಚ್ಚಿಕೊಂಡೇ ನಕ್ಕ. ಎದುರಿನ ಜನರನ್ನು ನೋಡಿ ನಕ್ಕದ್ದಲ್ಲ. ಒಳಗಿನಿಂದ ಯಾರೋ ಅವನ ಕಿವಿಯಲ್ಲಿ ಏನೋ ಹೇಳಿದ ಹಾಗಿತ್ತು. ಅದೇನು ಹೇಳಿದರು ಎಂದು ತಿಳಿಯಬೇಕೆನ್ನಿಸಿತು ಅವಳಿಗೆ. ಅಷ್ಟೇ. ಅಲ್ಲಿಂದ ಭೂಗೋಳ ಮುಂದೆ ಹೋಗಲಿಲ್ಲ.

ಗಿಟಾರು ಸಿಕ್ಕಿದ್ದು ಅತ್ತೆಯಿಂದ. ಅಪ್ಪನ ಅಕ್ಕ ಪಕ್ಕದ ಅಂಗಡಿಯಲ್ಲಿ ಟೈಲರು. ಯಾರೋ ಒಬ್ಬ ತನ್ನ ಗಿಟಾರಿಗೆ ಚೀಲ ಹೊಲಿಯಲು ಕೊಟ್ಟು ಹೋದವನು ಮರಳಿ ಬಂದಿರಲಿಲ್ಲ. ವರ್ಷಗಟ್ಟಲೆ ಕಾದು ಬೇಸತ್ತ ಅತ್ತೆ ಚೀಲದ ಸಮೇತ ಅದನ್ನು ಟಿಣಿಗೆ ದಾಟಿಸಿದಳು. ಅಂಗಡಿಯಲ್ಲಿ ನುಡಿಸಿದರೆ ಅಪ್ಪನ ಕೈ ಅದುರುತ್ತದೆ, ಗಿರಾಕಿಯ ಕಿವಿ ಅಪಾಯಕ್ಕೆ ಸಿಕ್ಕುತ್ತದೆ. ಹಾಗಾಗಿ ಟಿಣಿ ಅಂಗಡಿಯಲ್ಲಿ ಕಣ್ಣಿನಿಂದ ಕಲಿತು, ಮನೆಗೆ ಹೋಗಿ ಅಡುಗೆಮನೆಯಲ್ಲಿ ಕೈಯಿಂದ ನುಡಿಸುತ್ತಿದ್ದಳು.

ಅವಳು ಬುದ್ಧಿವಂತೆ. ತೊಂದರೆ ಆದದ್ದು ಅಲ್ಲಿಯೇ. ಶಾಲೆಯ ಡ್ರಿಲ್ ಟೀಚರು ಎದುರು ನಿಂತು ಬಲಗೈ ಎತ್ತಿದರೆ ಅದು ನಮ್ಮ ಎಡಗಡೆ ಕಾಣುತ್ತದೆ; ಎದುರಿಗಿರುವ ಮನುಷ್ಯನನ್ನು ಅನುಸರಿಸುವಾಗ ಇದನ್ನು ನೆನಪಿಡಬೇಕು. ಟಿಣಿ ನೆನಪಿಟ್ಟಳು. ಹಾಗೆ ಲೆಕ್ಕ ಹಾಕಿ, ಜಡೆಯಣ್ಣ ತಂತಿ ಮೀಟುವುದು ಎಡಗೈಯಲ್ಲಿ ಎಂದು ಕಂಡುಹಿಡಿದಳು. ತಾನು ಅವನನ್ನು ನೋಡುತ್ತಿರುವುದು ಕನ್ನಡಿಯಲ್ಲಿ ಎಂಬ ಇನ್ನೊಂದು ತಿರುವನ್ನು ಲೆಕ್ಕಕ್ಕೆ ಸೇರಿಸಲು ಮರೆತಳು. ಅನ್ನ ತಿನ್ನುವುದು, ಬರೆಯುವುದು, ಕಲ್ಲು ಹೊಡೆಯುವುದು ಎಲ್ಲವೂ ಬಲಗೈಯಲ್ಲೇ ಇದ್ದ ಹುಡುಗಿ, ಗುರುವಿಗಾಗಿ ಗಿಟಾರಿನ ತಂತಿಗಳನ್ನೆಲ್ಲ ಬಿಚ್ಚಿ ಹಿಂದುಮುಂದಾಗಿ ಕಟ್ಟಿ, ಎಡಗೈಯಲ್ಲಿ ಕಲಿತಳು. ಮೊದಮೊದಲು ಬೆರಳು ಬೊಬ್ಬೆಯೆದ್ದವು. ಆಮೇಲೆ ಗಟ್ಟಿಯಾದವು. ಆಮೇಲೆ ಹಾಡತೊಡಗಿದವು.

ಈ ಕತೆಯ ದಿನ ಜಡೆಯಣ್ಣ ಅವಳ ಊರಿಗೇ ಬರುವವನಿದ್ದ. ಸಂಜೆ ಸಭಾಂಗಣದಲ್ಲಿ ಕಛೇರಿ. ಅದಕ್ಕೆ ಮೊದಲು ಊರಿನ ಹುಡುಗ ಹುಡುಗಿಯರಿಗೆ ಒಂದು ಪರೀಕ್ಷೆ. ಗೆದ್ದವರಿಗೆ ಅವನ ಪಕ್ಕ ನಿಂತು ಒಂದು ಹಾಡು ನುಡಿಸುವ ಅವಕಾಶ. ಇದನ್ನು ಕೇಳಿದ ಅಪ್ಪ ಕತ್ತರಿ ಕೆಳಗಿಟ್ಟು ಮಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದ.

"ಅವನ ಜೊತೆ ನಿಂತು ನುಡಿಸಿದ್ರೆ ಗಿಟಾರು ನಿಂದು. ಸಂಗೀತದ ಶಾಲೆಗೂ ಸೇರಿಸ್ತೀನಿ. ಇಲ್ಲಾಂದ್ರೆ ಪರೀಕ್ಷೆಗಳು ಮುಗಿಯೋವರೆಗೂ ಅದು ಅಟ್ಟದ ಮೇಲೆ."

ಅಪ್ಪನ ಪ್ರಕಾರ ಪರೀಕ್ಷೆಗಳು ಎಂದರೆ ಶಾಲೆಯದು, ಕಾಲೇಜಿನದು, ಕೆಲಸಕ್ಕೆ ಸೇರುವುದರದು, ಬಡ್ತಿಯದು. ಗಿಟಾರು ಅಟ್ಟದಿಂದ ಇಳಿಯುವ ಹೊತ್ತಿಗೆ ಅದನ್ನು ಇಳಿಸಿಕೊಡಲು ಟಿಣಿಯ ಮೊಮ್ಮಕ್ಕಳೇ ಬರಬೇಕಾಗುತ್ತಿತ್ತು.

ಬೆಳಿಗ್ಗೆ ಅಂಗಡಿಯಲ್ಲಿ ಲೆಕ್ಕದ ಮೇಷ್ಟ್ರು ಕುರ್ಚಿಯಲ್ಲಿದ್ದರು. ನಿವೃತ್ತರಾದ ಮೇಲೂ ಬೀದಿಯ ಎಲ್ಲರ ತಪ್ಪುಗಳಿಗೆ ಕೆಂಪು ಗೆರೆ ಎಳೆಯುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಅಪ್ಪ ಅವರ ಒಂದು ಕೆನ್ನೆ ಬೋಳಿಸಿ ಮುಗಿಸಿ, ಇನ್ನೊಂದಕ್ಕೆ ನೊರೆ ಹಚ್ಚುತ್ತಿದ್ದ. ಆಗ ಎದುರು ಗೋಡೆಗೆ ಒಬ್ಬ ಗೋಂದಿನ ಬಕೆಟ್ಟು ಇಟ್ಟುಕೊಂಡು ಪೋಸ್ಟರು ಅಂಟಿಸತೊಡಗಿದ. ಆಳೆತ್ತರದ ಜಡೆಯಣ್ಣ, ಗಿಟಾರಿನ ಸಮೇತ.

ಟಿಣಿ ಓಡಿ ಹೊರಗೆ ಬಂದಳು. ನೋಡಿದಳು. ಪೋಸ್ಟರಿನವನಿಗೆ, ಅಣ್ಣಾ ಇದು ಉಲ್ಟಾ ಅಚ್ಚಾಗಿದೆ ಎಂದು ತಿಳಿಸಿದಳು. ಅವನು ತಾನು ಅಂಟಿಸುವವನು ಮಾತ್ರ ಎಂದ. ಅವಳು ಬಿಡಲಿಲ್ಲ. ಜಡೆಯಣ್ಣ ಮೀಟುವುದು ಎಡಗೈಯಲ್ಲಿ, ಇಲ್ಲಿ ಬಲಗೈಯಲ್ಲಿ ತೋರಿಸಿದ್ದಾರೆ, ಇಂಥ ದೊಡ್ಡ ಮನುಷ್ಯನ ಪೋಸ್ಟರನ್ನು ಹೀಗೆ ಕೆಡಿಸಬಹುದೇ ಎಂದು ವಾದಿಸಿದಳು. ಅವನು ಬ್ರಷ್ಷಿನಿಂದ ಮೇಲೆ ತೋರಿಸಿದ.

"ಉಲ್ಟಾ ಆಗಿದ್ರೆ ಅಕ್ಷರನೂ ಉಲ್ಟಾ ಇರ್ಬೇಕಲ್ಲಮ್ಮ."

ಅಕ್ಷರಗಳು ನೆಟ್ಟಗಿದ್ದವು.

ಟಿಣಿ ಅವುಗಳನ್ನು ಒಂದೊಂದಾಗಿ ಓದಿದಳು. ಗೋಂದು ಗೋಡೆಯ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಆಮೇಲೆ ಅವಳು ಒಳಗೆ ಬಂದು, ಬೆಂಚಿನ ಮೇಲೆ ಹತ್ತಿ ನಿಂತು, ಟಿವಿ ಅಲ್ಲಿಗೆ ಏರಿದ ಮೇಲೆ ಮೊದಲ ಸಲ ಅದನ್ನು ನೇರವಾಗಿ ನೋಡಿದಳು. ಅಂಗಡಿಯ ಕಾನೂನು ಮುರಿದು ಅಪ್ಪನೂ ತಿರುಗಿದ. ಕುರ್ಚಿಯಲ್ಲಿದ್ದ ಮೇಷ್ಟ್ರೂ ತಿರುಗಿದರು. ಟಿವಿಯೊಳಗೆ ಜಡೆಯಣ್ಣ ನಿಶ್ಚಿಂತೆಯಾಗಿ ಬಲಗೈಯಲ್ಲಿ ಮೀಟುತ್ತಿದ್ದ. ಹುಟ್ಟಿದಾಗಿನಿಂದ ಹಾಗೆಯೇ ಮೀಟುತ್ತಿದ್ದ.

ಮೇಷ್ಟ್ರಿಗೆ ಒಡನೆ ಹುರುಪು ಬಂತು. ಅರ್ಧ ಮುಖದ ನೊರೆಯೊಂದಿಗೇ ಎದ್ದು ನಿಂತು ವಿವರಿಸತೊಡಗಿದರು. ಎದುರಿಗಿರುವುದು ಒಂದು ತಿರುವು, ಕನ್ನಡಿ ಇನ್ನೊಂದು ತಿರುವು, ಎರಡೂ ಸೇರಿದರೆ ತಿರುವೇ ಇಲ್ಲ. ಈ ಹುಡುಗಿ ತಲೆ ಓಡಿಸದೆ ಕಣ್ಣಿಗೆ ಕಂಡ ಹಾಗೆ ಗಿಟಾರು ಹಿಡಿದಿದ್ದರೆ ಸರಿಯಾಗಿಯೇ ಹಿಡಿಯುತ್ತಿದ್ದಳು. ಅರ್ಧ ತಲೆ ಓಡಿಸಿದ್ದರಿಂದ ಕೆಟ್ಟಳು ಎಂದರು. ನಮ್ಮ ಕಾಲದಲ್ಲಿ ಮಕ್ಕಳು ತಲೆಯನ್ನೇ ಓಡಿಸುತ್ತಿರಲಿಲ್ಲ ಎಂದೂ ಸೇರಿಸಿದರು.

ಅಪ್ಪ ಮುಖ ಮುಗಿಸಿಕೊಡುತ್ತೇನೆ ಕೂತುಕೊಳ್ಳಿ ಎಂದ. ಅವರು ಕೂರಲಿಲ್ಲ. ಇಂಥ ಚೆಂದದ ಲೆಕ್ಕ ಅವರಿಗೆ ನಿವೃತ್ತಿಯ ನಂತರ ಸಿಕ್ಕಿರಲಿಲ್ಲ.

ಸುದ್ದಿ ಪಕ್ಕದ ಅಂಗಡಿಗೆ ದಾಟಿ, ಅತ್ತೆ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದಳು. ಅವಳ ಹಿಂದೆ ಸೈಕಲ್ ಮಾಮ ಬಂದ. ಬೀದಿಯ ಮೂಲೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಜಗತ್ತಿನ ಯಾವ ಕಾಯಿಲೆಗೂ ಎರಡೇ ಮದ್ದು: ಒಂದು, ಬಿಗಿ ಮಾಡುವುದು, ಇನ್ನೊಂದು, ಎಣ್ಣೆ ಬಿಡುವುದು. ಗುರು ಒಂದು ಕಡೆ, ಶಿಷ್ಯೆ ಇನ್ನೊಂದು ಕಡೆ ತಿರುಗಿಕೊಂಡು ನಿಂತರೆ ಜನ ನಗುತ್ತಾರೆ ಎಂದು ಅತ್ತೆ ಮರುಗಿದಳು. ಕೋಟಿನ ಗುಂಡಿ ತಪ್ಪು ಬದಿಗೆ ಹೊಲಿದರೆ ಬಿಚ್ಚಿ ಹೊಲಿಯುವುದಿಲ್ಲವೇ, ಇದನ್ನೂ ಬಿಚ್ಚಿ ಕಟ್ಟಿದರಾಯಿತು ಎಂದಳು. ಟಿಣಿ, ಬೇಡ, ಹೇಗೋ ಕಲಿತಾಗಿದೆ, ಹೀಗೇ ನುಡಿಸುತ್ತೇನೆ ಎಂದು ಮೆಲ್ಲಗೆ ಹೇಳಿದಳು. ಅವಳ ಮಾತು ಮುಗಿಯುವಷ್ಟರಲ್ಲಿ ಸೈಕಲ್ ಮಾಮ ಮನೆಯಿಂದ ಗಿಟಾರು ತರಿಸಿ, ಕ್ಷೌರದ ಕುರ್ಚಿಯಲ್ಲಿ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ತಂತಿಗಳನ್ನು ಬಿಚ್ಚಿಯೂ ಆಗಿತ್ತು.

"ನೀನು ಸುಮ್ನಿರು ಪುಟ್ಟಿ. ಬ್ರೇಕ್ ವಯರ್ ಆದ್ರೇನು, ಇದಾದ್ರೇನು. ಎಳೆದು ಕಟ್ಟೋದು ಒಂದೇ."

ಎಳೆದು ಕಟ್ಟಿದ. ಕಟ್ಟಿದ ಮೇಲೆ, ತಂತಿ ಬಿಗಿಮಾಡುವ ತಿರುಗಣೆಗಳೆಲ್ಲ ಕಿರಕಿರ ಎನ್ನುತ್ತಿವೆ ಎಂದು ಅವುಗಳಿಗೆ ಒಂದೊಂದು ತೊಟ್ಟು ಎಣ್ಣೆಯನ್ನೂ ಬಿಟ್ಟ. ತಿರುಗಣೆಯ ಧರ್ಮವೇ ಬಿಗಿಯಾಗಿ ಕಚ್ಚಿ ಹಿಡಿಯುವುದು. ಎಣ್ಣೆ ಕುಡಿದ ತಿರುಗಣೆಗಳು ಆ ಧರ್ಮವನ್ನು ಮರೆತವು. ತಂತಿ ಬಿಗಿ ಮಾಡಿದರೆ ಎರಡು ಮಾತಾಡುವುದರೊಳಗೆ ತಾವಾಗಿಯೇ ಸಡಿಲವಾಗಿ, ನಿದ್ದೆ ಬಂದವರ ಹಾಗೆ ಜೋಲತೊಡಗಿದವು.

ಟಿಣಿ ಬಲಗೈಯಲ್ಲಿ ನುಡಿಸಿ ನೋಡಿದಳು. ಎಡಗೈಯ ಬೆರಳುಗಳು ತಂತಿಯ ಮೇಲೆ ಹೊಸ ಊರಿನ ಬಸ್ ನಿಲ್ದಾಣದಲ್ಲಿ ಇಳಿದವರ ಹಾಗೆ ಅತ್ತಿತ್ತ ನೋಡಿದವು. ಬಲಗೈ, ಬರೆಯಲು ತಿನ್ನಲು ಅಷ್ಟು ಜಾಣತನ ತೋರಿಸುತ್ತಿದ್ದದ್ದು, ಇಲ್ಲಿ ಕೋಳಿಯ ಹಾಗೆ ಕೆರೆಯಿತು. ಹೊರಟ ಸದ್ದು ಕೇಳಿ ಬಾಗಿಲಿನವರೆಗೆ ಬಂದಿದ್ದ ಒಬ್ಬ ಗಿರಾಕಿ ನಾಳೆ ಬರುತ್ತೇನೆಂದು ಹೋದ. ಅತ್ತೆ ತಾಳ ಹಾಕಿದಳು. ಮೇಷ್ಟ್ರು, ನಿಯಮಿತ ಅಭ್ಯಾಸ ಮಾಡಿದರೆ ಬರುತ್ತದೆ, ಮಧ್ಯಾಹ್ನದವರೆಗೆ ಸಮಯವಿದೆಯಲ್ಲ ಎಂದರು. ಸೈಕಲ್ ಮಾಮ ಇನ್ನೊಂದು ತೊಟ್ಟು ಎಣ್ಣೆ ಬಿಡಲೇ ಎಂದು ಕೇಳಿದ.

ಊಟದ ಹೊತ್ತಿಗೆ ಟಿಣಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತುಬಿಟ್ಟಳು. ಅಳಲಿಲ್ಲ. ಅಳುವವರ ಹಾಗೆ ಮೂಗು ಮಾತ್ರ ಕೆಂಪಾಗಿತ್ತು.

ಮಗಳು ಸೋತರೆ ಗೆಲ್ಲುವವನು ಅಪ್ಪನೇ. ಸುಮ್ಮನಿದ್ದರೆ ಸಾಕಿತ್ತು. ಅವನು ಕತ್ತಿಯನ್ನು ಚರ್ಮದ ಪಟ್ಟಿಗೆ ಹತ್ತು ಹನ್ನೆರಡು ಸಲ ತಿಕ್ಕಿದ, ಅದು ಯಾವಾಗಲೋ ಹರಿತವಾಗಿದ್ದರೂ. ಆಮೇಲೆ ಕನ್ನಡಿಯನ್ನೇ ನೋಡುತ್ತ ಹೇಳಿದ.

"ಎಲ್ಲರೂ ಹೊರಗೆ ಹೋಗಿ. ಅವಳು ಮೊದಲು ಹೇಗೆ ಕಟ್ಟಿದ್ಲೋ ಹಾಗೇ ಕಟ್ಕೊಳ್ಳಲಿ. ಸೋತ್ರೆ ಅವಳ ಕೈಯಿಂದ ಸೋಲಲಿ. ನಿಮ್ಮ ಕೈಯಿಂದ ಬೇಡ."

ಯಾರೂ ಹೊರಗೆ ಹೋಗಲಿಲ್ಲ, ಆದರೆ ಎಲ್ಲರೂ ಹಿಂದೆ ಸರಿದು ನಿಂತರು. ಟಿಣಿ ತಂತಿಗಳನ್ನು ಬಿಚ್ಚಿ ಮತ್ತೆ ತನ್ನ ಹಾಗೆ ಕಟ್ಟಿಕೊಂಡಳು. ಎಣ್ಣೆಯ ಜಾರಿಕೆಗೆ ಅತ್ತೆ ಮದ್ದು ಕಂಡುಹಿಡಿದಳು. ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣವನ್ನು ಪುಡಿಮಾಡಿ ತಿರುಗಣೆಗಳಿಗೆ ತುಂಬಿದಳು. ಐದು ತಿರುಗಣೆಗಳು ಮಾತು ಕೇಳಿದವು. ಆರನೆಯದು ಆಗಾಗ ಕೇಳಿತು.

ಸಭಾಂಗಣಕ್ಕೆ ಎಲ್ಲರೂ ಮೆರವಣಿಗೆಯಲ್ಲಿ ಹೋದರು. ಮೇಷ್ಟ್ರು ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ಮೇಲೆ ಒಣಗಿದ ನೊರೆ ಹೊತ್ತುಕೊಂಡೇ ಬಂದರು. ಬಾಗಿಲಲ್ಲಿದ್ದ ಸಿಬ್ಬಂದಿ ಅವರನ್ನು ಕಲಾವಿದರೆಂದು ತಿಳಿದು ಟಿಕೆಟ್ಟು ಕೇಳಲಿಲ್ಲ. ಅದರಿಂದ ಉಬ್ಬಿಹೋದ ಅವರು ಉಳಿದ ಕೆನ್ನೆಯ ವಿಷಯವನ್ನೇ ಮರೆತರು.

ಪರೀಕ್ಷೆಗೆ ಬಂದಿದ್ದ ಹುಡುಗರೆಲ್ಲ ಜಡೆ ಬಿಟ್ಟಿದ್ದರು. ಸ್ವಂತ ಕೂದಲು ಸಾಲದವರು ಅಕ್ಕಂದಿರಿಂದ ಚವುರಿ ತಂದು ಕಟ್ಟಿಕೊಂಡಿದ್ದರು. ಒಬ್ಬೊಬ್ಬರೂ ವೇದಿಕೆ ಹತ್ತಿ, ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಎಸೆದು ಥೇಟು ಜಡೆಯಣ್ಣನೇ ಆಗುತ್ತಿದ್ದರು, ಮೊದಲ ತಂತಿ ಮೀಟುವವರೆಗೆ. ಆರಿಸುವವನು ಜಡೆಯಣ್ಣನ ಮ್ಯಾನೇಜರು. ಜಡೆಯಣ್ಣ ಎಲ್ಲೂ ಕಾಣಲಿಲ್ಲ. ಅವರು ವಿಶ್ರಾಂತಿಯಲ್ಲಿದ್ದಾರೆ ಎಂದರು.

ಟಿಣಿಯ ಸರದಿ ಕೊನೆಗೆ ಬಂತು. ಅವಳು ಗಿಟಾರು ಹಿಡಿದ ರೀತಿ ನೋಡಿಯೇ ಜಡೆಯ ಹುಡುಗರು ಮೊಳಕೈಯಲ್ಲಿ ತಿವಿದುಕೊಂಡರು. ಅವಳಿಗೆ ಅದು ಕಾಣಲಿಲ್ಲ. ಪೆನ್ ಡ್ರೈವಿನ ಕಛೇರಿ ಅವಳೊಳಗೆ ಎಲ್ಲಿ ಬೇಕಾದರೂ ಶುರುವಾಗಬಲ್ಲದಾಗಿತ್ತು. ಶುರುವಾಯಿತು. ಮೆಟ್ಟಿಲಿಳಿಯುವ ಮಕ್ಕಳು ಒಬ್ಬರೂ ಎಡವದೆ ದಡದಡ ಇಳಿದು ಬಂದರು. ಆರನೆಯ ತಿರುಗಣೆ ಕೂಡ ಆಗ ಮರ್ಯಾದೆ ಕಾಪಾಡಿತು. ಮುಗಿದಾಗ ತಿವಿದುಕೊಂಡವರು ತಮ್ಮ ಚವುರಿ ಬಿಗಿಮಾಡಿಕೊಳ್ಳುತ್ತಿದ್ದರು.

ಮ್ಯಾನೇಜರು ಕೆನ್ನೆ ಕೆರೆದುಕೊಂಡ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು.

"ಕೈ ಚೆನ್ನಾಗಿದೆ ತಂಗಿ. ಆದ್ರೆ ನೀನು ಅವರ ಪಕ್ಕ ನಿಂತ್ರೆ ಎರಡು ಗಿಟಾರು ಸೇರಿ ಫೋಟೋದಲ್ಲಿ ಕತ್ತರಿ ಥರ ಕಾಣತ್ತೆ."

ಕ್ಷೌರಿಕನ ಮಗಳು ಕತ್ತರಿಯ ಆ ಮಾತು ಹೊತ್ತು ವೇದಿಕೆಯಿಂದ ಇಳಿದಳು. ಗೆದ್ದವನು ಸೊಂಟದವರೆಗೆ ಸ್ವಂತ ಜಡೆ ಇದ್ದ ಒಬ್ಬ ಯುವಕ. ಅವನು ನುಡಿಸಿದರೆ ಚಮಚಗಳ ಡಬ್ಬಿ ಬಿದ್ದ ಹಾಗೆ ಕೇಳುತ್ತಿತ್ತು. ಆದರೆ ಫೋಟೋದಲ್ಲಿ ಡಬ್ಬಿಯ ಸದ್ದು ಕೇಳುವುದಿಲ್ಲ.

ಅಪ್ಪ ಬೀಗಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟ. ಕ್ಷೌರಿಕರ ಅಭ್ಯಾಸದಂತೆ ಆ ಕೈ ತಾನಾಗಿಯೇ ಅವಳ ಕೂದಲಿನ ಉದ್ದ ಅಳೆಯಿತು. ಟಿಕೆಟ್ಟು ಹೇಗೂ ಇದೆ, ಕಛೇರಿ ನೋಡಿಕೊಂಡೇ ಹೋಗೋಣ ಎಂದ. ಟಿಣಿ, ಮುಖ ತೊಳೆದು ಬರುತ್ತೇನೆಂದು ಗಿಟಾರು ಹೊತ್ತು ಹಿಂದಿನ ಓಣಿಗೆ ನಡೆದಳು.

ಓಣಿಯ ಕೊನೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಒಂದು ದನಿ, ಈಗ ಕೊನೆಯಲ್ಲಿ ನುಡಿಸಿದವರು ಯಾರು, ಅವರನ್ನು ಕರೆದು ತನ್ನಿ ಎಂದು ಯಾರನ್ನೋ ಗೋಗರೆಯುತ್ತಿತ್ತು. ಟಿಣಿ ಇಣುಕಿದಳು. ಕನ್ನಡಿಯ ಹಂಗಿಲ್ಲದ, ಮೂರೂ ಆಯಾಮಗಳುಳ್ಳ ಜಡೆಯಣ್ಣ ಕುರ್ಚಿಯಲ್ಲಿ ಕೂತಿದ್ದ. ಟಿವಿಯಲ್ಲಿದ್ದದ್ದಕ್ಕಿಂತ ಕುಳ್ಳಗಿದ್ದ. ಅವನ ಬಲಗೈ ಮಂಜುಗಡ್ಡೆಯ ಬಕೆಟ್ಟಿನಲ್ಲಿತ್ತು.

ಆದದ್ದು ಇಷ್ಟು. ಬೆಳಿಗ್ಗೆ ವ್ಯಾನಿನಿಂದ ಇಳಿಯುವಾಗ ಜಡೆ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಜಡೆ ಒಳಗೆ, ಜಡೆಯಣ್ಣ ಹೊರಗೆ. ಬಿದ್ದ ಭಾರವೆಲ್ಲ ಬಲ ಮಣಿಕಟ್ಟಿನ ಮೇಲೆ. ಈಗ ಅದು ಊದಿ ಬನ್ನಿನ ಹಾಗಾಗಿತ್ತು. ಕೈ ಆಡಿಸಬಹುದು, ಮೀಟಲು ಆಗದು. ಹೊರಗೆ ಸಭಾಂಗಣ ತುಂಬುತ್ತಿತ್ತು.

"ನೀನೇನಾ ನುಡಿಸಿದ್ದು? ನಾನು ಇಲ್ಲೇ ಬಾಗಿಲ ಹಿಂದೆ ನಿಂತು ಕೇಳ್ತಿದ್ದೆ. ಅದರಲ್ಲಿ ಒಂದು ಕಡೆ ನಾನು ತಪ್ಪು ನುಡಿಸಿದ್ದೆ. ಅದನ್ನೂ ಬಿಡದೆ ನುಡಿಸಿದೀಯಲ್ಲ ಮಾರಾಯ್ತಿ."

ಟಿಣಿಗೆ ಅದು ತಪ್ಪೆಂದೇ ಗೊತ್ತಿರಲಿಲ್ಲ. ಅವಳಿಗೆ ತುಂಬ ಇಷ್ಟವಾದ ಜಾಗ ಅದು. ಅವಳು ಗಿಟಾರು ಹಿಡಿದು ತೋರಿಸಿದಾಗ ಅವನು ಹುಬ್ಬೇರಿಸಿದ. ಯಾಕೆ ಎಡಗೈ ಎಂದು ಕೇಳಿದ. ಅವಳು ಅಂಗಡಿ, ಬೆಂಚು, ಕನ್ನಡಿ, ಡ್ರಿಲ್ ಟೀಚರು ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಜಡೆಯಣ್ಣ ಕಣ್ಣು ಮುಚ್ಚಿಕೊಂಡು ನಗತೊಡಗಿದ. ಬಕೆಟ್ಟಿನ ಮಂಜುಗಡ್ಡೆಗಳು ಅವನ ನಗುವಿಗೆ ಗಲಗಲ ಅಂದವು.

ಓಡಿಬಂದ ಮ್ಯಾನೇಜರಿಗೆ ವಿಷಯ ಹೊಳೆಯಲು ತಡವಾಗಲಿಲ್ಲ. ಪರದೆಯ ಹಿಂದೆ ಫೋಟೋ ತೆಗೆಯುವವರು ಇರುವುದಿಲ್ಲ. ಅಲ್ಲಿ ಹುಡುಗಿ ಯಾವ ಕೈಯಲ್ಲಾದರೂ ನುಡಿಸಲಿ. ಮುಂದೆ ಜಡೆಯಣ್ಣ ಕೈಯಾಡಿಸುತ್ತಾನೆ. ಆದರೆ ಹೊರಗಿನ ಒಂದು ನರಪಿಳ್ಳೆಗೂ ಇದು ತಿಳಿಯಕೂಡದು, ಇವತ್ತೂ, ಯಾವತ್ತೂ. ತಿಳಿದರೆ ಜನ ಕುರ್ಚಿ ಎಸೆಯುತ್ತಾರೆ, ಅವನ ಹೆಸರು ಮಣ್ಣುಪಾಲು.

ಟಿಣಿ ಒಪ್ಪಂದದ ವಿಷಯ ಹೇಳಿದಳು. ಅಪ್ಪನಿಗೆ ಒಬ್ಬನಿಗಾದರೂ ಹೇಳಬೇಕು ಎಂದಳು. ಮ್ಯಾನೇಜರು ಸಾಧ್ಯವೇ ಇಲ್ಲ ಎಂದ. ಕ್ಷೌರದಂಗಡಿಯಲ್ಲಿ ಹೇಳಿದ್ದು ಊರಿಗೆ ಹೇಳಿದ ಹಾಗೆ ಎಂದ. ಅದು ಸುಳ್ಳಾಗಿರಲಿಲ್ಲ. ಜಡೆಯಣ್ಣ ಮಂಜುಗಡ್ಡೆಯಿಂದ ಕೈ ಹೊರತೆಗೆದು ಅವಳತ್ತ ಬಾಗಿದ.

"ಗುಟ್ಟು ಬಿಟ್ಟುಕೊಡದೆ ನಿಮ್ಮಪ್ಪನ ಹತ್ರ ನಾನೇ ಒಂದು ಮಾತು ಹೇಳ್ತೀನಿ. ಆಯ್ತಾ?"

ಗುರು ಸ್ವತಃ ಹೇಳುವ ಮಾತಿಗಿಂತ ದೊಡ್ಡದೇನಿದೆ. ಅವಳು ತಲೆಯಾಡಿಸಿದಳು.

ಕಪ್ಪು ಪರದೆಯ ಹಿಂದೆ, ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಟಿಣಿ ಕೂತಳು. ಗಿಟಾರಿನ ಬಾಯಿಗೆ ಮೈಕು. ಮೈಕಿಗೆ ಹಳೇ ಗಿಟಾರು ಹೊಸ ಗಿಟಾರು ಎಂಬ ಭೇದವಿಲ್ಲ. ಪರದೆಯ ಸೀಳಿನಿಂದ ಅವಳಿಗೆ ಕಾಣುತ್ತಿದ್ದದ್ದು ಜಡೆಯಣ್ಣನ ಬೆನ್ನು ಮತ್ತು ಜಡೆ ಮಾತ್ರ. ಜಡೆ ಎಡಕ್ಕೆ ಬೀಸಿದರೆ ಶುರು, ಬಲಕ್ಕೆ ಬೀಸಿದರೆ ನಿಲ್ಲಿಸು ಎಂದು ಮಾತಾಗಿತ್ತು. ಗೆದ್ದ ಯುವಕ ಒಂದು ಹಾಡಿಗೆ ಬಂದು ಮೈಮರೆತು ನುಡಿಸಿ ಹೋದ. ಅವನ ಗಿಟಾರಿನ ವಯರನ್ನು ಎಲ್ಲಿಗೂ ಸಿಕ್ಕಿಸಿರಲಿಲ್ಲ. ಪಾಪ, ಅವನಿಗೂ ಗೊತ್ತಿರಲಿಲ್ಲ.

ಮೊದಲ ಹಾಡಿನಲ್ಲಿ ಟಿಣಿಗೆ ಪೆಟ್ಟಿಗೆಯ ಮೊಳೆ ಚುಚ್ಚುತ್ತಿತ್ತು. ಎರಡನೆಯದರಲ್ಲಿ ಪೆಟ್ಟಿಗೆ ಇರುವುದೇ ಮರೆತುಹೋಯಿತು. ಕೊನೆಯ ಹಾಡಿನ ನಡುವೆ ಆರನೆಯ ತಿರುಗಣೆ ಸೈಕಲ್ ಮಾಮನ ಎಣ್ಣೆಯನ್ನು ನೆನೆಸಿಕೊಂಡು ಸರ್ರನೆ ಜಾರಿತು. ಆ ತಂತಿ ಸತ್ತುಬಿತ್ತು. ಮಕ್ಕಳು ಇಳಿಯಬೇಕಿದ್ದ ಮೆಟ್ಟಿಲೇ ಇಲ್ಲ. ಬೆರಳುಗಳು ನಿಲ್ಲಲಿಲ್ಲ. ಪಕ್ಕದ ತಂತಿಗೆ ಹಾರಿ, ಅಲ್ಲಿಂದ ಮೇಲಕ್ಕೆ ಹತ್ತಿ, ಸುತ್ತುಬಳಸಿ, ಯಾವ ಪೆನ್ ಡ್ರೈವಿನಲ್ಲೂ ಇಲ್ಲದ ಒಂದು ತಿರುವು ತೆಗೆದುಕೊಂಡು ಕೆಳಗಿನ ಮೆಟ್ಟಿಲಿಗೆ ಬಂದು ನಿಂತವು. ಮುಂದೆ ಜಡೆಯಣ್ಣನ ಬೆನ್ನು ಒಂದು ಗಳಿಗೆ ಗಾಬರಿಯಾಗಿ, ಆಮೇಲೆ ಆನಂದದಿಂದ ಅಲುಗಾಡಿತು. ಪರದೆಯ ಹಿಂದೆ, ಕತ್ತಲಲ್ಲಿ, ಟಿಣಿ ಕಣ್ಣು ಮುಚ್ಚಿಕೊಂಡೇ ನಕ್ಕಳು. ಕಿವಿಯಲ್ಲಿ ಯಾರೂ ಏನೂ ಹೇಳಿರಲಿಲ್ಲ. ಹೇಳಲು ಏನೂ ಇರಲೇ ಇಲ್ಲ ಎಂದು ಅವಳಿಗೆ ಗೊತ್ತಾಯಿತು. ಸುಮ್ಮನೆ ನಗು ಬರುತ್ತದೆ, ಅಷ್ಟೇ.

ಚಪ್ಪಾಳೆ ಸಭಾಂಗಣದ ತಗಡಿನ ಮಾಡನ್ನು ನಡುಗಿಸಿತು.

ಅವಳು ಹಿಂಬಾಗಿಲಿನಿಂದ ಸುತ್ತಿ ಮುಂದೆ ಬಂದಾಗ ಬೀದಿಯ ಜನ ಒಟ್ಟಾಗಿ ಅವಳ ಮೇಲೆ ಬಿದ್ದರು. ಅವಳಿಗೆಂದು ಕಾದಿರಿಸಿದ ಕುರ್ಚಿ ಕೊನೆಯವರೆಗೂ ಖಾಲಿ ಇತ್ತಂತೆ. ಇಂಥ ಕಛೇರಿ ನಡೆಯುವಾಗ ಹೊರಗೆ ಮುಖ ಊದಿಸಿಕೊಂಡು ಅಲೆಯುವುದೇ ಎಂದು ಅತ್ತೆ ಗದರಿಸಿದಳು. ಬಲಗೈಯಲ್ಲಿ ನುಡಿಸಿದರೆ ಹೇಗೆ ಕೇಳುತ್ತದೆ ಎಂದು ಕಣ್ಣಾರೆ ನೋಡುವ ಅವಕಾಶ ಕಳೆದುಕೊಂಡೆ, ಎಡಗೈಗೆ ಆ ನಾದ ಏಳು ಜನ್ಮಕ್ಕೂ ಬರುವುದಿಲ್ಲ ಎಂದು ಮೇಷ್ಟ್ರು ಎರಡು ಥರದ ಕೆನ್ನೆಗಳನ್ನೂ ಅಲ್ಲಾಡಿಸಿ ಹೇಳಿದರು. ಅವನ ಗಿಟಾರಿಗೆ ಯಾರೋ ಒಳ್ಳೇ ಎಣ್ಣೆ ಬಿಡುತ್ತಾರೆ ಎಂದು ಸೈಕಲ್ ಮಾಮ ಅಭಿಪ್ರಾಯಪಟ್ಟ.

ಅಪ್ಪ ಮಾತ್ರ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದ.

ಅಷ್ಟರಲ್ಲಿ ಜನರ ಗುಂಪು ಸೀಳಿಕೊಂಡು ಜಡೆಯಣ್ಣ ಬಂದ. ಬಲಗೈ ಜೇಬಿನಲ್ಲಿತ್ತು. ಮಾತು ಕೊಟ್ಟಿದ್ದನಲ್ಲ, ನೆಟ್ಟಗೆ ಅಪ್ಪನ ಮುಂದೆ ನಿಂತು ಎಡಗೈಯಿಂದ ಅವನ ಕೈ ಕುಲುಕಿದ. ಟಿಣಿ ಗಿಟಾರನ್ನು ತಬ್ಬಿಕೊಂಡು ಹತ್ತಿರ ಸರಿದಳು. ಗಿಟಾರು ಗೊತ್ತಿದ್ದಷ್ಟು ಅವನಿಗೆ ಮಾತು ಗೊತ್ತಿರಲಿಲ್ಲ. ಹಿಂದೆ ನಿಂತಿದ್ದ ಮ್ಯಾನೇಜರು ಅಂಗಿಯ ಚುಂಗು ಎಳೆಯುತ್ತಲೇ ಇದ್ದ. ಏನು ಹೇಳಿದರೆ ಗುಟ್ಟು ಒಡೆಯುವುದಿಲ್ಲ ಎಂದು ಹುಡುಕಿ ಹುಡುಕಿ, ಕೊನೆಗೆ ಸಿಕ್ಕಿದ್ದನ್ನು ಹೇಳಿದ.

"ನಿಮ್ಮ ಮಗಳನ್ನ ಹಿಂದೆ ನೋಡಿದೆ. ಎಷ್ಟು ಚೆನ್ನಾಗಿ... ಒಂದೇ ಕಡೆ ಕೂರ್ತಾಳೆ. ಅಲ್ಲಾಡದೆ ಅಷ್ಟು ಹೊತ್ತು ಕೂತ್ಕೊಳ್ಳೋ ಮಕ್ಕಳನ್ನ ನಾನು ನೋಡೇ ಇಲ್ಲ. ಅದೇ ಅವಳ ಶಕ್ತಿ. ಕೈಬಿಡಬೇಡಿ."

ಜನ ಅವನನ್ನು ಎಳೆದುಕೊಂಡು ಹೋದರು. ಅವನು ಹೋಗುತ್ತ ಹೋಗುತ್ತ ತಿರುಗಿ, ಹೇಗಿತ್ತು ಎನ್ನುವ ಹಾಗೆ ಟಿಣಿಯತ್ತ ಹೆಮ್ಮೆಯಿಂದ ಹುಬ್ಬು ಹಾರಿಸಿದ.

ಅಪ್ಪ ದಾರಿಯುದ್ದಕ್ಕೂ ಆ ಮಾತನ್ನೇ ಚಪ್ಪರಿಸಿದ. ಅಂಥ ದೊಡ್ಡ ಮನುಷ್ಯ ಒಂದೇ ನೋಟದಲ್ಲಿ ಹುಡುಗಿಯ ಗುಣ ಕಂಡುಹಿಡಿದುಬಿಟ್ಟ. ಕೂತು ಓದುವ ಮಗಳು. ಪರೀಕ್ಷೆಗೆ ಬೇಕಾದ್ದು ಅದೇ ತಾನೇ. ಟಿಣಿ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಕೊಟ್ಟ ಮಾತು ನೆನಪಾಗಿ ಮುಚ್ಚಿದಳು. ಮೂರನೆಯ ಸಲ ಅವಳಿಗೆ ನಗು ಬಂತು. ನಗು ನಿಲ್ಲಿಸಲು ಆಗದೆ ದೀಪದ ಕಂಬ ಹಿಡಿದು ನಿಂತಳು. ಸೋತ ಬೇಸರಕ್ಕೆ ಹೀಗಾಡುತ್ತಿದ್ದಾಳೆಂದು ಅತ್ತೆ ಅವಳ ಬೆನ್ನು ಸವರಿದಳು.

ಮನೆಯಲ್ಲಿ ಅಪ್ಪ ಅಟ್ಟಕ್ಕೆ ಏಣಿ ಹಾಕಿದ. ಒಪ್ಪಂದ ಒಪ್ಪಂದವೇ. ಟಿಣಿ ಗಿಟಾರನ್ನು ಚೀಲಕ್ಕೆ ಹಾಕಿ ಅವನ ಕೈಗೆ ಕೊಟ್ಟು ಏಣಿಯ ಕಾಲು ಹಿಡಿದು ನಿಂತಳು. ಬೇಜಾರು ಮಾಡಿಕೊಳ್ಳಬೇಡ ಮಗಳೇ ಎಂದ ಅಪ್ಪ. ಹತ್ತುತ್ತ ಹತ್ತುತ್ತ ತನಗೇ ತಿಳಿಯದೆ ಗುನುಗತೊಡಗಿದ. ವರ್ಷಗಟ್ಟಲೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳಿದರೂ ಅವನು ಒಮ್ಮೆಯೂ ಗುನುಗಿರಲಿಲ್ಲ. ಕೊನೆಯ ಹಾಡು ಅದು. ಇಳಿಯಬೇಕಾದ ಕಡೆ ಅವನ ದನಿ ಇಳಿಯಲಿಲ್ಲ. ಪಕ್ಕಕ್ಕೆ ಹಾರಿ, ಮೇಲಕ್ಕೆ ಹತ್ತಿ, ಸುತ್ತುಬಳಸಿ ಬಂದು ನಿಂತಿತು.

ಟಿಣಿ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಪ್ಪ, ಅದು ಟಿವಿಯಲ್ಲಿ ಹಾಗಿಲ್ಲ."

"ಇಲ್ಲ. ಇವತ್ತು ಹೊಸದಾಗಿ ನುಡಿಸಿದ. ನೀನು ಕೇಳ್ಬೇಕಾಗಿತ್ತು," ಎಂದು ಅಪ್ಪ ಅಟ್ಟದ ಕತ್ತಲೊಳಗೆ ಗಿಟಾರನ್ನು ಆದಷ್ಟು ಹಿಂದಕ್ಕೆ ತಳ್ಳಿದ. "ಅದನ್ನೆಲ್ಲ ಹೇಳಿಕೊಟ್ರೆ ಬರಲ್ಲಮ್ಮ. ಹುಟ್ಟಿನಿಂದ ಬರ್ಬೇಕು."